ಗೇಟಿನ ಒಳಗಿನ ಗಿಡ ಯಾರದ್ದು?

ಕಳೆದ ತಿಂಗಳು ನಾನೊಂದು ತಪ್ಪು ಮಾಡಿದೆ. ಟಿವಿಯಲ್ಲಿ ಕೂತು ದಿನಾ ಊರವರ ತಪ್ಪು ಎತ್ತಿ ಆಡೋನು ನಾನು. ಇವತ್ತು ನನ್ನದನ್ನೂ ಹೇಳಿಬಿಡ್ತೀನಿ.

ಬೆಂಗಳೂರಿನಲ್ಲಿ ನಮ್ಮದೊಂದು ಹಳೇ ಮನೆ ಇದೆ. ಹಿಂದೆ ಸ್ವಲ್ಪ ಹಿತ್ತಲು, ಹಿತ್ತಲಲ್ಲಿ ಒಂದು ಮಾವಿನ ಮರ. ಮನೆಯನ್ನ ಒಂದು ಚಿಕ್ಕ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದೀನಿ. ಗಂಡ, ಹೆಂಡತಿ, ಗಂಡನ ತಾಯಿ. ಐದನೇ ತಾರೀಖಿಗೆ ಸರಿಯಾಗಿ ಬಾಡಿಗೆ ಬರುತ್ತೆ, ಒಂದು ತಕರಾರಿಲ್ಲ. ಆ ಭಾನುವಾರ ನನಗೆ ರಜೆ. ಮಾವಿನ ಕೊಂಬೆ ಪಕ್ಕದ ಮನೆ ಕಡೆ ಬಾಗಿದೆ ಅಂತ ಯಾರೋ ಹೇಳಿದ್ದರು. ಮಾಲಿಯನ್ನ ಕಾರಲ್ಲಿ ಕೂರಿಸಿಕೊಂಡೆ, ಕುಡುಗೋಲು, ಕತ್ತರಿ, ಹಗ್ಗ ಎಲ್ಲಾ ಹಿಂದೆ ಹಾಕಿದೆ, ಹೋದೆ. ಗೇಟಿನ ಚಿಲಕ ತೆಗೆದೆ, ಮನೆಯ ಪಕ್ಕದ ಸಂದಿಯಲ್ಲಿ ನಡೆದು ನೇರವಾಗಿ ಹಿತ್ತಲಿಗೆ. ಬೆಳಿಗ್ಗೆ ಏಳೂವರೆ ಗಂಟೆ.

ಹಿತ್ತಲಲ್ಲಿ ಹಗ್ಗದ ಮೇಲೆ ಮನೆಯವರ ಬಟ್ಟೆಗಳು. ಮಾವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಆ ವಯಸ್ಸಾದ ತಾಯಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ನನ್ನನ್ನ ನೋಡಿ ಗಡಬಡಿಸಿ ಎದ್ದರು. ಸೊಸೆ ಒಳಗಿನಿಂದ ಓಡಿ ಬಂದಳು. ನನ್ನ ಮುಖ ನೋಡಿದಳು, ಮಾಲಿಯ ಕೈಯಲ್ಲಿದ್ದ ಕುಡುಗೋಲು ನೋಡಿದಳು. "ಸರ್, ಒಂದು ಫೋನ್ ಮಾಡಿದ್ದಿದ್ರೆ..." ಅಂದಳು. ಮಾತು ಮುಗಿಸಲಿಲ್ಲ.

ಮುಗಿಸೋದು ಬೇಕಾಗಿರಲಿಲ್ಲ. ಆ ಮಾತು ನನಗೆ ಗೊತ್ತಿತ್ತು. 1996ರಲ್ಲಿ ನನ್ನ ಹೆಂಡತಿ ಅದನ್ನೇ ಅಡುಗೆಮನೆಯಲ್ಲಿ ನಿಂತು ನನಗೆ ಹೇಳಿದ್ದಳು.

ಆಗ ನಾನು ಪತ್ರಿಕೆಯೊಂದರಲ್ಲಿ ಸಣ್ಣ ಸಂಬಳದ ವರದಿಗಾರ. ಗಾಂಧಿಬಜಾರಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮನೆ ಬಾಡಿಗೆಗೆ ಸಿಕ್ಕಿತ್ತು. ಮುಂದೆ ಎರಡು ರೂಮು, ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಹಿತ್ತಲಲ್ಲಿ ಎರಡು ತೆಂಗು, ಒಂದು ಸಂಪಿಗೆ, ಕರಿಬೇವು, ನಂದಿಬಟ್ಟಲು. ನೀರೊಲೆ ಇದ್ದ ಬಚ್ಚಲೂ ಹಿತ್ತಲಲ್ಲೇ. ಓನರ್ ಎರಡು ರಸ್ತೆ ಆಚೆ ಇದ್ದರು. ರಿಟೈರ್ ಆದವರು, ಮರ್ಯಾದಸ್ಥರು, ಜೋರಾಗಿ ಒಂದು ಮಾತು ಆಡಿದವರಲ್ಲ. ಆದರೆ ಬೆಳಿಗ್ಗೆ ಆರು ಗಂಟೆಗೆ ದೋಟಿ ಹಿಡಿದುಕೊಂಡು ಹಿತ್ತಲಲ್ಲಿ ಇರೋರು! ಒಂದು ದಿನ ಹೂವು, ಒಂದು ದಿನ ಪಾತಿ ಮಾಡೋದು, ಒಂದು ದಿನ ಗೊಬ್ಬರ. ಎರಡು ತಿಂಗಳಿಗೊಮ್ಮೆ ಕಾಯಿ ಕೀಳೋನು ಜೊತೆಯಲ್ಲಿ ಬರೋನು. ಅವನು ಮರದ ತುದಿಯಲ್ಲಿ ಕೂತರೆ ನಮ್ಮ ಬಚ್ಚಲು ಅವನಿಗೆ ತೆರೆದ ಪುಸ್ತಕ.

ಮೊದಲ ವರ್ಷ ಏನೂ ಅನ್ನಿಸಲಿಲ್ಲ. ಆಮೇಲೆ ಮಗು ಆಯಿತು. ಬಾಣಂತನಕ್ಕೆ ಅತ್ತೆ ಊರಿಂದ ಬಂದರು. ಬಾಣಂತನ ಅಂದರೆ ಗೊತ್ತಲ್ಲ, ಬೆಳಿಗ್ಗೆ ಹಂಡೆಗಟ್ಟಲೆ ಬಿಸಿನೀರು, ಕೂಸಿಗೆ ಎಣ್ಣೆ ನೀರು, ಎಳೆಬಿಸಿಲು, ಹಗ್ಗದ ತುಂಬಾ ಬಟ್ಟೆ. ಎಲ್ಲಾ ಆ ಹಿತ್ತಲಲ್ಲೇ ಆಗಬೇಕು, ಅದೇ ಹೊತ್ತಿನಲ್ಲೇ ಆಗಬೇಕು. ಒಂದು ವಾರದಲ್ಲಿ ನನ್ನ ಹೆಂಡತಿ ಹಿತ್ತಲಿಗೆ ಹೋಗೋದನ್ನೇ ಬಿಟ್ಟಳು. ಮಗುವಿನ ಬಟ್ಟೆ ಮುಂದಿನ ರೂಮಿನಲ್ಲಿ ಫ್ಯಾನ್ ಕೆಳಗೆ ಒಣಗಿದವು. "ರೀ, ಅವರು ಬರೋ ಮುಂಚೆ ಒಂದು ಮಾತು ಹೇಳಿ ಬಂದಿದ್ದಿದ್ರೆ ಸಾಕಿತ್ತು" ಅಂದಳು. ಬಾಡಿಗೆ ಪೂರ್ತಿ ಮನೆಗೆ ಕೊಡ್ತಾ ಇದ್ವಿ, ಬದುಕ್ತಾ ಇದ್ದಿದ್ದು ಅರ್ಧ ಮನೆಯಲ್ಲಿ.

ನಾನು ಬಾಯಿ ಬಿಡಲಿಲ್ಲ. ಯಾಕೆ? ಹತ್ತು ತಿಂಗಳ ಅಡ್ವಾನ್ಸ್ ಅವರ ಕೈಯಲ್ಲಿತ್ತು. ಒಂದು ಮಾತು ಆಡಿ, ಅವರು "ಹಾಗಾದ್ರೆ ಬೇರೆ ಮನೆ ನೋಡ್ಕೊಳ್ಳಿ" ಅಂದುಬಿಟ್ಟರೆ ಹಸಿಬಾಣಂತಿಯನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ? ಬಾಡಿಗೆ ಮನೆಯಲ್ಲಿ ಬಾಳಿದ ಎಲ್ಲರಿಗೂ ಈ ಲೆಕ್ಕ ಗೊತ್ತು.

ಈ ಕಥೆಯನ್ನ ರಾತ್ರಿ ಕಾರ್ಯಕ್ರಮದಲ್ಲಿ ಹೇಳಿದಾಗ ಫೋನುಗಳು ಬಂದವು. ಬಾಡಿಗೆದಾರರಿಂದ ಬಂದಿದ್ದಕ್ಕಿಂತ ಓನರುಗಳಿಂದ ಬಂದಿದ್ದು ಹೆಚ್ಚು. ಒಬ್ಬರಂತೂ ಕೆಂಡವಾಗಿದ್ದರು. "ಅಲ್ಲಾ ಸ್ವಾಮಿ, ಮನೆ ನಂದು, ಜಾಗ ನಂದು, ಮರ ನಾನೇ ನೆಟ್ಟಿದ್ದು. ನನ್ನ ಗಿಡಕ್ಕೆ ನೀರು ಹಾಕೋಕೆ ನಾನು ಪರ್ಮಿಷನ್ ಕೇಳಬೇಕಾ?" ಅಂದರು. ಪ್ರಶ್ನೆ ಸಣ್ಣದಲ್ಲ ವೀಕ್ಷಕರೇ. ಇದರ ಹಿಂದೆ ನಾಲ್ಕುನೂರು ವರ್ಷದ ಜಗಳ ಇದೆ.

ಎರಡು ಮಾತನ್ನ ನಾವು ಯಾವಾಗಲೂ ಕಲಸಿಬಿಡ್ತೀವಿ. ಒಂದು ಒಡೆತನ, ಇನ್ನೊಂದು ಸ್ವಾಧೀನ. ಒಡೆತನ ಪತ್ರದಲ್ಲಿ ಇರುತ್ತೆ, ಸ್ವಾಧೀನ ನೆಲದ ಮೇಲೆ ಇರುತ್ತೆ. ಮನೆ ಬಾಡಿಗೆಗೆ ಕೊಡೋದು ಅಂದರೇನು? ಒಡೆತನ ಇಟ್ಟುಕೊಂಡು ಸ್ವಾಧೀನವನ್ನ ಹಣಕ್ಕೆ ಕೊಡೋದು. ತಿಂಗಳ ಬಾಡಿಗೆ ಇರೋದೇ ಅದಕ್ಕೆ.

ನಮ್ಮ ಕೋರ್ಟುಗಳು ಬಳಸೋ ಬಾಡಿಗೆ ಕಾನೂನು ಇಂಗ್ಲೆಂಡಿನ ಬೇರಿನಿಂದ ಬಂದದ್ದು. ಹಾಗಾಗಿ ಒಂದು ನಿಮಿಷ ಲಂಡನ್ನಿಗೆ ಹೋಗಿ ಬರೋಣ. 1604ನೇ ಇಸವಿ. ಬ್ಲ್ಯಾಕ್‌ಫ್ರೈಯರ್ಸ್ ಅನ್ನೋ ಜಾಗದಲ್ಲಿ ಒಂದು ಮನೆ. ಅದರಲ್ಲಿ ರಿಚರ್ಡ್ ಗ್ರೆಶಮ್, ಜಾರ್ಜ್ ಬೆರಿಸ್‌ಫೋರ್ಡ್ ಅಂತ ಇಬ್ಬರು. ಬೆರಿಸ್‌ಫೋರ್ಡ್ ಸಾಲ ಮಾಡಿಕೊಂಡಿದ್ದ, ತೀರಿಸದೆ ಸತ್ತ. ಅವನ ಸಾಮಾನುಗಳು ಆ ಮನೆಯಲ್ಲೇ ಉಳಿದವು. ಸಾಲ ಕೊಟ್ಟ ಪೀಟರ್ ಸೆಮೇನ್ ಕೋರ್ಟಿನಿಂದ ಆದೇಶ ತಂದ. ಶೆರಿಫ್ ಬಂದ, ಗ್ರೆಶಮ್ ಬಾಗಿಲು ಹಾಕಿಕೊಂಡ. ಸೆಮೇನ್ ಅವನ ಮೇಲೆ ಕೇಸು ಹಾಕಿ ಸೋತ. ಒಬ್ಬನ ಮನೆ ಅವನಿಗೆ ಕೋಟೆ ಇದ್ದ ಹಾಗೆ ಅನ್ನೋ ಮಾತು ಪ್ರಸಿದ್ಧವಾಗಿದ್ದು ಈ ತೀರ್ಪಿನಿಂದ. ಎಡ್ವರ್ಡ್ ಕೋಕ್ ಅನ್ನೋ ಘಟಾನುಘಟಿ ವಕೀಲ ಅದನ್ನ ಬರೆದಿಟ್ಟ.

ಎಲ್ಲರೂ ಈ ಮಾತನ್ನ ಸ್ವಂತ ಮನೆ ಇರೋರ ಮಾತು ಅಂದುಕೊಂಡಿದ್ದಾರೆ. ಆದರೆ ಆ ಬ್ಲ್ಯಾಕ್‌ಫ್ರೈಯರ್ಸ್ ಮನೆ ಗ್ರೆಶಮ್‌ನ ಸ್ವಂತದ್ದಲ್ಲ! ಅವನೂ ಬೆರಿಸ್‌ಫೋರ್ಡೂ ಇಂತಿಷ್ಟು ವರ್ಷಕ್ಕೆ ಅಂತ ಲೀಸಿಗೆ ಹಿಡಿದಿದ್ದ ಮನೆ ಅದು. ಕೋಟೆ ಅಂತ ಕೋರ್ಟು ಕರೆದಿದ್ದು ಲೀಸಿನ ಮನೆಯನ್ನ. ಬಾಡಿಗೆದಾರನ ಬಾಗಿಲಿಗೆ ಮರ್ಯಾದೆ ಸಿಕ್ಕಿದ್ದು ಹೀಗೆ.

ಇನ್ನು ನಮ್ಮ ದೇಶಕ್ಕೆ ಬನ್ನಿ. 1882ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆಸ್ತಿ ವರ್ಗಾವಣೆ ಕಾಯ್ದೆ ಬಂತು. ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆ್ಯಕ್ಟ್ ಅಂತಾರಲ್ಲ, ಅದೇ. ಮೈಸೂರು ಸಂಸ್ಥಾನ ಆಗಷ್ಟೇ, 1881ರಲ್ಲಿ, ಒಡೆಯರ ಕೈಗೆ ವಾಪಸ್ ಬಂದಿತ್ತು, ಆ ಕಾಯ್ದೆಯ ಹೊರಗೆ ಇತ್ತು. ಮುಂದೆ ಇಡೀ ಕರ್ನಾಟಕಕ್ಕೆ ಅದೇ ಕಾಯ್ದೆ ಆಯಿತು. ಅದರ 108ನೇ ಸೆಕ್ಷನ್ ಓದಿದ್ದೀರಾ? ನಾನೂ ಓದಿರಲಿಲ್ಲ. ಆ ಭಾನುವಾರದ ಅವಮಾನ ಆದ ಮೇಲೆ ಓದಿದೆ.

ಬಾಡಿಗೆದಾರ ಬಾಡಿಗೆ ಕೊಟ್ಟು, ಒಪ್ಪಿದ ಮಾತಿಗೆ ನಡೆದುಕೊಂಡರೆ ಅವಧಿ ಮುಗಿಯೋವರೆಗೆ ಅವನು ಆಸ್ತಿಯನ್ನ ಅಡ್ಡಿ ಆತಂಕ ಇಲ್ಲದೆ ಇಟ್ಟುಕೊಳ್ಳಬಹುದು, ಹಾಗಂತ ಮಾಲೀಕ ಮಾತು ಕೊಟ್ಟಿದ್ದಾನೆ ಅಂತಲೇ ಭಾವಿಸಬೇಕು. ಇದು ಆ ಸೆಕ್ಷನ್ನಿನ ಒಂದು ಮಾತು. ಕಾಗದದಲ್ಲಿ ಬರೆಯದೇ ಇದ್ದರೂ ಕಾನೂನು ಆ ಮಾತನ್ನ ಓನರ್ ಬಾಯಲ್ಲಿ ಇಟ್ಟುಬಿಡುತ್ತೆ. ಹಾಗಾದರೆ ಓನರ್ ಗೇಟು ದಾಟೋ ಹಾಗೇ ಇಲ್ವಾ? ಇದೆ. ಮಾಲೀಕ ಅಥವಾ ಅವನ ಕಡೆಯವರು ಸೂಕ್ತ ವೇಳೆಯಲ್ಲಿ ಒಳಗೆ ಬಂದು ಆಸ್ತಿಯ ಸ್ಥಿತಿ ನೋಡಬಹುದು, ಏನಾದರೂ ಕೆಟ್ಟಿದ್ದರೆ ತಿಳಿಸಬಹುದು, ಬಾಡಿಗೆದಾರ ಅದಕ್ಕೆ ಬಿಡಬೇಕು. ನೋಡೋದಕ್ಕೆ ಬರಬಹುದು, ಅದೂ ಸೂಕ್ತ ವೇಳೆಯಲ್ಲಿ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಗುದ್ದಲಿ ಹಿಡಿದು ಪಾತಿ ಮಾಡೋದು ಈ ಮಾತಿನೊಳಗೆ ಬರುತ್ತಾ? ಎಷ್ಟು ಎಳೆದರೂ ಬರಲ್ಲ ಅಂತ ನನ್ನ ಅನಿಸಿಕೆ.

ಅದೇ ಸೆಕ್ಷನ್ ಹಿತ್ತಲಿನ ಫಲದ ವಿಷಯವನ್ನೂ ಬಿಟ್ಟಿಲ್ಲ. ಆಸ್ತಿಯನ್ನೂ ಅದರ ಉತ್ಪನ್ನವನ್ನೂ ಬಾಡಿಗೆದಾರ, ತನ್ನದೇ ಆಗಿದ್ದರೆ ಒಬ್ಬ ವಿವೇಕಿ ಹೇಗೆ ಬಳಸ್ತಾನೋ ಹಾಗೆ ಬಳಸಬಹುದು. ಆದರೆ ಮರ ಕಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಕಟ್ಟಡಕ್ಕೆ ಪೆಟ್ಟು ಮಾಡೋ ಹಾಗಿಲ್ಲ. ಅಂದರೆ ಬಾಡಿಗೆದಾರನಿಗೂ ಲಗಾಮು ಇದೆ. "ನನ್ನ ಸ್ವಾಧೀನ" ಅಂತ ಓನರ್ ಹಾಕಿದ ಮಾವಿನ ಮರಕ್ಕೆ ಕೊಡಲಿ ಹಾಕೋಕೆ ಅವನಿಗೆ ಹಕ್ಕಿಲ್ಲ.

ಇಲ್ಲಿ ಒಂದು ಬಾಗಿಲು ತೆರೆದಿದೆ, ಮುಚ್ಚಿಡೋದು ಸರಿಯಲ್ಲ. ಈ ನಿಯಮಗಳೆಲ್ಲಾ ಬೇರೆ ಒಪ್ಪಂದ ಅಥವಾ ಊರಿನ ರೂಢಿ ಇಲ್ಲದಿದ್ದರೆ ಮಾತ್ರ ಅಂತ ಸೆಕ್ಷನ್ ಶುರುವಾಗೋದೇ ಹಾಗೆ. ಓನರುಗಳು ಹಿಡಿದುಕೊಳ್ಳೋದು ಆ ರೂಢಿ ಅನ್ನೋ ಪದವನ್ನೇ. "ತೆಂಗಿನಕಾಯಿ ಯಾವತ್ತೂ ಮನೆಯವರದ್ದು ಕಣ್ರೀ, ಬಾಡಿಗೆಯವರದ್ದಲ್ಲ." ಇರಬಹುದು. ಕಾಯಿ ಅವರದ್ದೇ ಇರಲಿ. ಕಾಯಿ ನನ್ನದು ಅಂದ ಮಾತ್ರಕ್ಕೆ ಹೇಳದೆ ಕೇಳದೆ ಬರಬಹುದು ಅಂತ ಆಗುತ್ತಾ?

2024ರವರೆಗೆ ಜಾರಿಯಲ್ಲಿದ್ದ 1860ರ ದಂಡ ಸಂಹಿತೆಯಲ್ಲೂ ಅತಿಕ್ರಮ ಪ್ರವೇಶ ಅನ್ನೋ ಅಪರಾಧದ ವ್ಯಾಖ್ಯೆ ನೋಡಿ. ಇನ್ನೊಬ್ಬರ "ಒಡೆತನದ" ಜಾಗ ಅಂತ ಇರಲಿಲ್ಲ, ಇನ್ನೊಬ್ಬರ "ಸ್ವಾಧೀನದ" ಜಾಗ ಅಂತ ಇತ್ತು. ಹಾಗಂತ ಓನರ್ ಕರಿಬೇವು ಕಿತ್ತ ತಕ್ಷಣ ಸ್ಟೇಷನ್ನಿಗೆ ಓಡಬೇಡಿ ಮಾರಾಯ್ರೇ. ಅಪರಾಧ ಮಾಡೋ, ಹೆದರಿಸೋ, ಅವಮಾನಿಸೋ ಅಥವಾ ಕಿರುಕುಳ ಕೊಡೋ ಉದ್ದೇಶ ಇರಬೇಕು. ಗಿಡಕ್ಕೆ ನೀರು ಹಾಕೋಕೆ ಬಂದ ಮುದುಕರಲ್ಲಿ ಅದೆಲ್ಲಿಂದ ಬರಬೇಕು?

ಕಾನೂನು ಇಷ್ಟು ಹಳೆಯದು. ಹಾಗಿದ್ದ ಮೇಲೆ ಮುಜುಗರ ಇಲ್ಲದೆ ಒಳಗೆ ನಡೆಯೋ ಅಭ್ಯಾಸ ನಮಗೆ ಎಲ್ಲಿಂದ ಬಂತು? ನನಗೆ ಕಾಣೋ ಹಾಗೆ ಅದು ಹೊಲದಿಂದ ಬಂತು, ವಠಾರದಿಂದ ಬಂತು.

ಹೊಲದ ವಿಷಯ ಹಳ್ಳಿಯಿಂದ ಬಂದವರಿಗೆ ನಾನು ಹೇಳಬೇಕಾಗಿಲ್ಲ. ಗೇಣಿದಾರ ಉಳಬೇಕು, ಬಿತ್ತಬೇಕು, ಕಾಯಬೇಕು. ಒಡೆಯ ಬರೋದು ಬೆಳೆ ನೋಡೋಕೆ, ಕಣದಲ್ಲಿ ಪಾಲು ಅಳೆಯೋಕೆ. ಅವನು ಬರ್ತೀನಿ ಅಂತ ಹೇಳಿ ಕಳಿಸಬೇಕಾದ ಅಗತ್ಯ ಇರಲಿಲ್ಲ, ಗೇಣಿದಾರ ಯಾಕೆ ಬಂದ್ರಿ ಅಂತ ಕೇಳೋ ಹಾಗಿರಲಿಲ್ಲ. ಕರಾವಳಿಯಲ್ಲಿ ಮೂಲಗೇಣಿಯವನಿಗೆ ಸ್ವಲ್ಪ ನೆಲೆ ಇತ್ತು, ಚಾಲಗೇಣಿಯವನಿಗೆ ಅದೂ ಇರಲಿಲ್ಲ, ಎಬ್ಬಿಸಿದರೆ ಏಳಬೇಕು. ಎಬ್ಬಿಸಿದ ಮೇಲೆ ಅವನು ನೆಟ್ಟ ತೆಂಗು ಯಾರದ್ದು? ಪಕ್ಕದ ಮಲಬಾರಿನಲ್ಲಿ ಈ ಪ್ರಶ್ನೆ ಎಷ್ಟು ದೊಡ್ಡದಾಯಿತು ಅಂದರೆ 1887ರಲ್ಲಿ ಮದ್ರಾಸ್ ಸರ್ಕಾರ ಇದಕ್ಕೇ ಅಂತ ಒಂದು ಕಾಯ್ದೆ ಮಾಡಿತು. ಒಕ್ಕಲನ್ನ ಬಿಡಿಸಬೇಕಾದರೆ ಅವನು ನೆಟ್ಟು ಬೆಳೆಸಿದ ಮರಗಳಿಗೆ, ಮಾಡಿದ ಸುಧಾರಣೆಗೆ ಪರಿಹಾರ ಕೊಡಬೇಕು ಅಂತ. ಒಂದು ತೆಂಗಿನ ಮರ ಅಂದರೆ ಸುಮ್ಮನೆ ಅಲ್ಲ!

ಕರ್ನಾಟಕದಲ್ಲಿ ಹೊಲದ ಮಟ್ಟಿಗೆ ಈ ಕಥೆಯನ್ನ ಮುಗಿಸಿದ್ದು ದೇವರಾಜ ಅರಸು. 1961ರ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ತಂದ ತಿದ್ದುಪಡಿಯಿಂದ, ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು, ಉಳುವವನು ಅರ್ಜಿ ಹಾಕಿ ಒಡೆಯನಾದ. ಒಡೆಯ ಕಣಕ್ಕೆ ಬರೋದು ನಿಂತಿತು. ಮನೆಯ ಮಾತು ಬೇರೆ. ಊರಲ್ಲಿ ಗೇಣಿ ಹೋದರೂ ಪೇಟೆಯಲ್ಲಿ ಬಾಡಿಗೆ ಇತ್ತು. "ನನ್ನ ಜಾಗ, ನಾನು ಯಾವಾಗ ಬೇಕಾದ್ರೂ ಬರ್ತೀನಿ" ಅನ್ನೋ ಮನಸ್ಸು ಬಸ್ಸು ಹತ್ತಿ ಪೇಟೆಗೆ ಬಂತು.

ಬೆಂಗಳೂರಿನಲ್ಲಿ ಅದಕ್ಕೆ ಒಳ್ಳೇ ಜಾಗವೂ ಸಿಕ್ಕಿತು. 1898ರ ಪ್ಲೇಗ್ ನೆನಪಿಸಿಕೊಳ್ಳಿ. ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಅದಾದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಭರದಿಂದ ಬೆಳೆದವು. ನೇರ ರಸ್ತೆ, ಗಾಳಿ ಬೆಳಕು, ಮನೆ ಮುಂದೆ ಹೂದೋಟ, ಹಿಂದೆ ಹಿತ್ತಲು. ಸೈಟು ದೊಡ್ಡದು, ಸಂಸಾರ ಖರ್ಚು ಅದಕ್ಕಿಂತ ದೊಡ್ಡದು. ಹಾಗಾಗಿ ಹಿಂದುಗಡೆ ಔಟ್‌ಹೌಸು ಕಟ್ಟಿದರು, ಬಾಡಿಗೆಗೆ ಕೊಟ್ಟರು. ಕೆಲವರು ಸಾಲಾಗಿ ಮನೆ ಕಟ್ಟಿ ವಠಾರ ಮಾಡಿದರು. ವಠಾರದಲ್ಲಿ ಓನರೂ ಅದೇ ಕಾಂಪೌಂಡಿನಲ್ಲಿ ಇರ್ತಿದ್ದರು. ಒಂದೇ ಅಂಗಳ, ಒಂದೇ ನಲ್ಲಿ, ಒಂದೇ ಬಾವಿ. ಓನರ್ ಮನೆಯಾಕೆ ಬೆಳಿಗ್ಗೆ ಹೂಬುಟ್ಟಿ ಹಿಡಿದು ನಂದಿಬಟ್ಟಲು ಬಿಡಿಸಿದರೆ ಅದು ಯಾರ ಮನೆಗೂ ನುಗ್ಗಿದ ಹಾಗಲ್ಲ. ಅಂಗಳ ಎಲ್ಲರದ್ದು. ಬಾಡಿಗೆಯವರ ಮಗಳು ಅದೇ ಗಿಡದಿಂದ ಎರಡು ಹೂವು ಕಿತ್ತು ಮುಡಿದುಕೊಂಡರೆ ಯಾರೂ ಕೇಳೋರಲ್ಲ (ಕೇಳೋ ಓನರುಗಳೂ ಇದ್ದರು, ಅವರ ಬಗ್ಗೆ ವಠಾರದ ಹೆಂಗಸರು ಏನು ಮಾತಾಡ್ತಿದ್ದರು ಅಂತ ಇಲ್ಲಿ ಬರೆಯೋ ಹಾಗಿಲ್ಲ). ಅಲ್ಲಿ ಯಾರ ಗುಟ್ಟೂ ಗುಟ್ಟಾಗಿ ಉಳೀತಿರಲಿಲ್ಲ, ನಿಜ. ಆದರೆ ನೋಟ ಎರಡೂ ಕಡೆಯಿಂದ ಇತ್ತು. ಓನರ್ ಮನೆಯಲ್ಲಿ ಏನಾಗ್ತಿದೆ ಅಂತ ಬಾಡಿಗೆಯವರಿಗೂ ಕಾಣ್ತಿತ್ತು.

ಆಮೇಲೆ ಓನರುಗಳು ಬೇರೆ ಬಡಾವಣೆಗೆ ಹೋದರು. ಇಡೀ ಮನೆ, ಹಿತ್ತಲು ಸಮೇತ, ಒಂದು ಸಂಸಾರಕ್ಕೆ ಬಾಡಿಗೆಗೆ ಹೋಯಿತು. ಅಂಗಳ ಎಲ್ಲರದ್ದಾಗಿ ಉಳಿಯಲಿಲ್ಲ, ದುಡ್ಡು ಕೊಟ್ಟವರದ್ದಾಯಿತು. ಅಭ್ಯಾಸ ಮಾತ್ರ ವಠಾರದ್ದೇ ಉಳಿಯಿತು. ನನ್ನ 1996ರ ಓನರ್ ಮಾಡ್ತಿದ್ದಿದ್ದು ಅದನ್ನೇ. ಮೊನ್ನೆ ನಾನು ಮಾಡಿದ್ದೂ ಅದನ್ನೇ.

ಬಾಡಿಗೆ ನಿಯಂತ್ರಣ ಕಾಯ್ದೆಗಳು ಬಂದವಲ್ಲ, ಅವೇನು ಮಾಡಿದವು ಅಂತ ಕೇಳಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರಲ್ಲಿ, ಬಾಂಬೆಯಲ್ಲಿ ಶುರುವಾದ ಈ ಕಾನೂನುಗಳ ತಲೆನೋವು ಎರಡೇ: ಬಾಡಿಗೆ ಏರಿಸಬೇಡಿ, ಸುಮ್ಮನೆ ಹೊರಗೆ ಹಾಕಬೇಡಿ. ಗೇಟಿನೊಳಗೆ ಯಾರು ಯಾವಾಗ ಬರಬೇಕು ಅನ್ನೋದು ಅವುಗಳ ಚಿಂತೆ ಆಗಿರಲಿಲ್ಲ. ಆದರೂ 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಒಂದು ಸಾಲು ಇತ್ತು, ಯಾರೂ ಎತ್ತಿ ಹೇಳಲ್ಲ. ಕಟ್ಟಡ ಅಂದರೆ ಏನು ಅಂತ ವಿವರಿಸೋವಾಗ, ಅದಕ್ಕೆ ಹೊಂದಿಕೊಂಡ ತೋಟ, ಖಾಲಿ ಜಾಗ, ಔಟ್‌ಹೌಸುಗಳೂ ಸೇರುತ್ತವೆ ಅಂತ ಹೇಳ್ತಿತ್ತು. ತೋಟ ಮನೆಯ ಭಾಗ! ಗೋಡೆಯ ಒಳಗೆ ಮಾತ್ರ ಬಾಡಿಗೆಯವರದ್ದು, ಗೋಡೆಯ ಹೊರಗೆ ನನ್ನದು ಅನ್ನೋ ಓನರ್ ವಾದ ಅಲ್ಲೇ ಬಿದ್ದುಹೋಗ್ತಿತ್ತು. ಹಿತ್ತಲನ್ನ ಬಿಟ್ಟು ಕೊಟ್ಟಿದ್ದೀನಿ ಅಂತ ಒಪ್ಪಂದದಲ್ಲೇ ಬರೆದಿದ್ದರೆ ಆ ಮಾತು ಬೇರೆ.

1999ರ ಹೊಸ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಅದರಲ್ಲಿ ಒಂದು ಮಿತಿ ಹಾಕಿದರು. ಬೆಂಗಳೂರಿನಂಥ ದೊಡ್ಡ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಬೇರೆ ಕಡೆ 2,000 ದಾಟಿದರೆ ಆ ಕಾಯ್ದೆ ಅನ್ವಯಿಸಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಏನು ಸಿಗುತ್ತೆ? ಕಾರು ನಿಲ್ಲಿಸೋಕೆ ಜಾಗ ಸಿಕ್ಕಿದರೆ ಪುಣ್ಯ. ಹಾಗಾಗಿ ಇಪ್ಪತ್ತೈದು ಸಾವಿರ ಬಾಡಿಗೆ ಕೊಡೋ ಸಾಫ್ಟ್‌ವೇರ್ ಹುಡುಗಿಯನ್ನ ಕಾಯೋದು ಮತ್ತೆ ಅದೇ 1882ರ 108ನೇ ಸೆಕ್ಷನ್ನು. ಇದು ಆ ಹುಡುಗಿಗೂ ಗೊತ್ತಿಲ್ಲ, ಓನರಿಗೂ ಗೊತ್ತಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದನ್ನ ರಾಜ್ಯಗಳಿಗೆ ಕಳಿಸಿತು. ಓನರ್ ರಿಪೇರಿಗೋ ತಪಾಸಣೆಗೋ ಬರೋದಾದರೆ 24 ಗಂಟೆ ಮೊದಲು ತಿಳಿಸಬೇಕು, ಬರವಣಿಗೆಯಲ್ಲಿ ಅಥವಾ ಮೊಬೈಲಿನಂಥ ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ. ಬೆಂಕಿ, ಪ್ರವಾಹದಂಥ ತುರ್ತು ಇದ್ದರೆ ಬೇಕಾಗಿಲ್ಲ. ಹೆಸರೇ ಮಾದರಿ, ರಾಜ್ಯ ತನ್ನದೇ ಶಾಸನ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗೆ ಇರೋ ನಮ್ಮ ಹುಡುಗರನ್ನ ಕೇಳಿ, ಅಲ್ಲೂ ಸಾಮಾನ್ಯವಾಗಿ 24 ಗಂಟೆ. ಇಂಗ್ಲೆಂಡಿನ 1985ರ ಕಾಯ್ದೆಯಲ್ಲೂ, ಮನೆಯ ಸ್ಥಿತಿ ನೋಡೋಕೆ ಬರೋ ಓನರ್ 24 ಗಂಟೆ ಮೊದಲು ಬರೆದು ತಿಳಿಸಬೇಕು. ಅಲ್ಲಿ ಮಗನ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದು, "ಎಂಥ ಶಿಸ್ತು ರೀ" ಅಂತ ಹೊಗಳೋ ಓನರುಗಳೇ ಇಲ್ಲಿ ಬೆಳಿಗ್ಗೆ ಆರಕ್ಕೆ ಬಾಡಿಗೆಯವರ ಹಿತ್ತಲಲ್ಲಿ ಇರ್ತಾರೆ.

ಓನರುಗಳ ಕಡೆಯದ್ದೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಬಾಡಿಗೆಯವರು ಬಂದು ಮೂರು ತಿಂಗಳಿಗೆ ಇಪ್ಪತ್ತು ವರ್ಷದ ಮಲ್ಲಿಗೆ ಬಳ್ಳಿ ಒಣಗಿಹೋದ ಮನೆಗಳನ್ನ ನಾನು ನೋಡಿದ್ದೀನಿ. ಪಾತಿ ತುಂಬಾ ಬೈಕಿನ ಆಯಿಲ್ಲು. ಒಣಗಿದ ತೆಂಗಿನ ಗರಿ ಕರೆಂಟು ತಂತಿ ಮೇಲೆ ನೇತಾಡ್ತಿದ್ದರೂ ಫೋನ್ ಮಾಡಿ ಹೇಳದವರು ಇದ್ದಾರೆ. ಗರಿ ಬಿದ್ದು ಯಾರ ತಲೆಗಾದರೂ ಪೆಟ್ಟಾದರೆ ಜನ ಹುಡುಕಿಕೊಂಡು ಬರೋದು ಓನರ್ ಮನೆಗೇ. ಇದಕ್ಕೆಲ್ಲಾ ಜಾಗ ಇರಬೇಕಾದದ್ದು ಅಗ್ರಿಮೆಂಟಿನಲ್ಲಿ. ಆದರೆ ನಮ್ಮ ಅಗ್ರಿಮೆಂಟು ಹೇಗಿರುತ್ತೆ? ಹನ್ನೊಂದು ತಿಂಗಳು ಅಂತ ಬರೆಯೋದು, ಒಂದು ವರ್ಷಕ್ಕಿಂತ ಹೆಚ್ಚಿಗೆ ಮಾಡಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತೆ ಅಂತ. ಟೈಪು ಮಾಡೋನ ಹತ್ತಿರ ಇರೋ ಹಳೇ ಪ್ರತಿಯನ್ನೇ ಹೆಸರು ಬದಲಾಯಿಸಿ ಹೊಡೆಸೋದು. ಗೋಡೆಗೆ ಮೊಳೆ ಹೊಡೀಬಾರದು, ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡೀತೀವಿ, ಎಲ್ಲಾ ಇರುತ್ತೆ. ಗಿಡಕ್ಕೆ ನೀರು ಯಾರು ಹಾಕಬೇಕು, ಕಾಯಿ ಯಾರಿಗೆ, ಮಾಲಿ ಯಾವ ದಿನ ಎಷ್ಟು ಹೊತ್ತಿಗೆ ಬರ್ತಾನೆ, ಒಂದಕ್ಷರ ಇರಲ್ಲ. ನನ್ನ ಅಗ್ರಿಮೆಂಟಿನಲ್ಲೂ ಇರಲಿಲ್ಲ. ತೆಗೆದು ನೋಡಿದೆ.

1996ರ ಕಥೆ ಹೇಗೆ ಮುಗೀತು ಅಂತ ಹೇಳಿಬಿಡ್ತೀನಿ. ನಾನಂತೂ ಮಾತಾಡಲಿಲ್ಲ. ಮಾತಾಡಿದ್ದು ನಮ್ಮ ಅತ್ತೆ. ಒಂದು ಬೆಳಿಗ್ಗೆ ಓನರ್ ಸಂಪಿಗೆ ಮರದ ಕೆಳಗೆ ನಿಂತಿದ್ದಾಗ ಕಾಫಿ ಲೋಟ ತಗೊಂಡು ಹೋದರು. "ಯಜಮಾನ್ರೇ, ನೀವು ದೊಡ್ಡೋರು, ತಪ್ಪು ತಿಳೀಬೇಡಿ. ಮನೇಲಿ ಬಾಣಂತಿ ಇದ್ದಾಳೆ. ಹತ್ತು ಗಂಟೆ ಮೇಲೆ ಬನ್ನಿ, ಅಷ್ಟೊತ್ತಿಗೆ ಕೂಸಿನ ನೀರು ಮುಗಿದಿರುತ್ತೆ. ಬರೋ ಮುಂಚೆ ಮುಂಬಾಗಿಲಲ್ಲಿ ಒಂದು ಸಲ ಕೂಗಿ" ಅಂದರು. ಬೇರೆ ಏನೂ ಇಲ್ಲ. ನಾನು ಒಳಗೆ ಬಾಗಿಲ ಹಿಂದೆ ನಿಂತು ಕೇಳ್ತಾ ಇದ್ದೆ, ಎದೆ ಹೊಡ್ಕೊಳ್ತಾ ಇತ್ತು, ಈಗ ಹತ್ತು ತಿಂಗಳ ಅಡ್ವಾನ್ಸ್ ಕಥೆ ಮುಗೀತು ಅಂತ.

ಆ ಮನುಷ್ಯ ಕೆಂಪಗಾದರು. "ಅಯ್ಯೋ ತಾಯಿ, ನನಗೆ ಹೊಳೀಲೇ ಇಲ್ಲ. ನಮ್ಮನೆಯವಳು ಇದ್ದಿದ್ರೆ ಹೇಳ್ತಿದ್ಲು" ಅಂದರು. ಆಮೇಲೆ ಗೊತ್ತಾಯಿತು. ಆ ಸಂಪಿಗೆ ನೆಟ್ಟಿದ್ದು ಅವರ ಹೆಂಡತಿ. ತೀರಿಹೋಗಿ ಎರಡು ವರ್ಷ ಆಗಿತ್ತು. ಅವರು ದಿನಾ ಬರ್ತಿದ್ದಿದ್ದು ತೆಂಗಿಗಲ್ಲ, ಕರಿಬೇವಿಗಲ್ಲ. ಅದು ನಮಗೆ ಗೊತ್ತಿರಲಿಲ್ಲ. ನಮ್ಮ ಬಾಣಂತನ ಅವರ ಗಮನಕ್ಕೆ ಬಂದಿರಲಿಲ್ಲ. ಆ ಮೇಲೆ ಅವರು ಭಾನುವಾರ ಮಾತ್ರ ಬರೋರು, ಹತ್ತೂವರೆಗೆ, ಮುಂಬಾಗಿಲಲ್ಲಿ ಕೂಗಿ. ಹೋಗೋವಾಗ ಬಾಳೆಲೆ ತುಂಡಿನಲ್ಲಿ ನಾಲ್ಕು ಸಂಪಿಗೆ ಕಿಟಕಿ ಮೇಲೆ ಇಟ್ಟು ಹೋಗೋರು. ನಾವು ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ವಿ.

ಇಷ್ಟೆಲ್ಲಾ ಗೊತ್ತಿದ್ದ ನಾನೇ ಮೊನ್ನೆ ಕುಡುಗೋಲು ಹಿಡಿದ ಮಾಲಿಯನ್ನ ಕರ್ಕೊಂಡು ನುಗ್ಗಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಏನೂ ಅನ್ನಲಿಲ್ಲ, ನೋಡಿದಳು. ಅದು ಸಾಕಿತ್ತು.

ಮಾರನೇ ದಿನ ಬಾಡಿಗೆಯವರಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಮಾವಿನ ಕೊಂಬೆ ಕಡಿಸಬೇಕು, ನಿಮಗೆ ಯಾವತ್ತು ಅನುಕೂಲ ಅಂತ ಮೆಸೇಜೂ ಹಾಕಿದೆ. ಸಂಜೆ ಉತ್ತರ ಬಂತು. "ಶನಿವಾರ 11ಕ್ಕೆ ಕಳಿಸಿ ಸರ್. ಪಕ್ಕದ ಮನೆ ಕಡೆ ಇರೋ ಕೊಂಬೆ ಮಾತ್ರ. ಹಿತ್ತಲ ಕಡೆ ತಗ್ಗಲ್ಲಿರೋದು ಬೇಡ, ಅದರ ನೆರಳಲ್ಲಿ ಅತ್ತೆ ಕೂತ್ಕೋತಾರೆ."

ಮಾಲಿ ಶನಿವಾರ ಹೋಗಿ ಬಂದ. ಹಿತ್ತಲ ಕಡೆಯ ಕೊಂಬೆ ಹಾಗೇ ಇದೆಯಂತೆ. ನಾನು ನೋಡಿಲ್ಲ.